ಸೀರೆ ತುಂಬ ಪಾಚಿ

ರಾಜಶ್ರೀಗೆ ಮೂಗಿನ ತುದಿಯಲ್ಲೇ ಸಿಟ್ಟು. ರಬಕವಿಯ ಸಿದ್ದಾರೂಢನ ಮಗ್ಗದ ಮನೆಗೆ ನುಗ್ಗಿದವಳೇ ಹೊಸ ಸೀರೆಯ ಮಡಿಕೆ ಬಿಡಿಸಿ ಹಿಡಿದಳು.

“ಹಕ್ಕಿ ಎಲ್ಲೈತ್ರಿ?”

ನಾಳೆ ಜಮಖಂಡಿಯ ಭಾಷಣ ಸ್ಪರ್ಧೆಯಲ್ಲಿ ಅವಳ ಭಾಷಣ. ಕಣ್ಸೆಳೆಯುವ ಮಿಂಚುಳ್ಳಿ ದೊಡ್ಡದೋ, ಕಣ್ಣಿಗೇ ಕಾಣದ ಒಂದೇ ಕೋಶದ ಪಾಚಿ ದೊಡ್ಡದೋ ಎಂಬ ವಿಷಯ. ಇದೆಂಥ ಹೋಲಿಕೆ ಎಂದು ಕಾಲೇಜಿನವರು ಆಗಲೇ ನಕ್ಕಿದ್ದರು. ಮಿಂಚುಳ್ಳಿಯ ಸೀರೆ ಉಟ್ಟರೆ ಸಭೆ ಕಣ್ಣರಳಿಸೀತು ಎಂದು ತಿಂಗಳ ಹಿಂದೆ ಗ್ರಾಫ್ ಹಾಳೆಯಲ್ಲಿ ಹಕ್ಕಿ ಬರೆದು, “ಇದನ್ನ ನೇಯ್ರಿ” ಎಂದು ಕಳಿಸಿದ್ದಳು. ಅವಳೋ ಬಾಟನಿ ಮೇಡಂ! ಅದೇ ಹಾಳೆಯ ಹಿಂದೆ, ಮೈಕ್ರೋಸ್ಕೋಪಿನಲ್ಲಿ ಕಂಡ ಪಾಚಿಯನ್ನು ಅಳತೆಗೆಂದು ಚೌಕ ಎಣಿಸಿ ಬರೆದಿದ್ದಳು. ನೇಕಾರನಿಗೆ ಚೌಕದ ಮೇಲಿದ್ದದ್ದೆಲ್ಲ ಬುಟ್ಟಾನೇ. ಸಿದ್ದಾರೂಢ ಸೀರೆ ತುಂಬ ಪಾಚಿ ನೇಯ್ದಿದ್ದ.

“ಹಕ್ಕೀನ ಬಿಟ್ಟು ಇದನ್ನ ಯಾಕ ಆರಿಸಿದ್ರಿ?”

ಅವನ ಕಿವಿ ಕೆಂಪಾದವು.

“ಹಕ್ಕೀನ ಊರೆಲ್ಲಾ ನೋಡತೈತ್ರಿ. ಇದನ್ನ ನೀವೊಬ್ಬರ ನೋಡೀರಿ. ಇದು ಎರಡು ಪಾಲಾದ್ರ ಪ್ರತಿ ಅರ್ಧಾನೂ ತನ್ನ ಇನ್ನೊಂದ ಅರ್ಧಾ ಬೆಳಸ್ಕೋತೈತಿ ಅಂತ ಕೆಳಗ ಬರದೀರಲ್ರಿ. ಎಲ್ಲಾರಿಗೂ ಅದು ಅಷ್ಟು ಸಲೀಸಲ್ರಿ.”

“ಯಾರಿಗೆ ಸಲೀಸಲ್ಲ?”

“ಈ ಸಲ ನೂಲಿನ ರೇಟ ಭಾಳ ಏರೈತ್ರಿ,” ಎಂದ. ಎರಡು ವರ್ಷದಿಂದ ಇದೇ ಹಾಡು! ಕಣ್ಣಲ್ಲಿ ಪುರಾಣವನ್ನೇ ಹೇಳುತ್ತಾನೆ, ಬಾಯಲ್ಲಿ ಬರೀ ನೂಲಿನ ರೇಟು. ಮುಂದಿನ ವಾರ ಅವಳನ್ನು ನೋಡಲು ಮುಧೋಳದಿಂದ ಗಂಡಿನ ಕಡೆಯವರು ಬರುವವರಿದ್ದರು. ಅದು ಅವನಿಗೂ ಗೊತ್ತು. ಒಂದು ಮಾತು ಹೇಳಬಾರದೇ, ಪುಣ್ಯಾತ್ಮ! ರಾಜಶ್ರೀಗೆ ಅಳುವೇ ಬಂತು.

“ನಾಳೆ ಕೇಳಾಕ ಬರ್ರಿ,” ಎಂದು ಸೀರೆ ಎತ್ತಿಕೊಂಡು ಹೊರಟಳು.

ಮರುದಿನ ಅದನ್ನೇ ಉಟ್ಟು ವೇದಿಕೆ ಹತ್ತಿದಳು. ಮುಂದಿನ ಸಾಲಿನಲ್ಲಿ ಕಿಸಿಕಿಸಿ ನಗು. ಅವಳು ಸೆರಗು ಹರಡಿ ಹಿಡಿದಳು.

“ನಗ್ರಿ. ಇದು ಪಾಚಿ. ಇದನ್ನ ಹುಳ ತಿಂತೈತಿ, ಹುಳಾನ ಮೀನ ತಿಂತೈತಿ, ಮೀನಾನ ಮಿಂಚುಳ್ಳಿ ತಿಂತೈತಿ. ಹಕ್ಕಿ ಸತ್ತರ ಅಳಾಕ ನಾವದೀವಿ. ಇದು ಸತ್ತರ ಅಳಾಕ ಯಾರೂ ಉಳಿಯೂದಿಲ್ಲ!”

ನಗು ನಿಂತಿತು. ಆಮೇಲೆ ಬಿದ್ದ ಚಪ್ಪಾಳೆಗೆ ಕಿಟಕಿ ಗಾಜು ನಡುಗಿದವು. ತೀರ್ಪುಗಾರ ನೀಲಕಂಠ ಮಾಸ್ತರರು ಮೊದಲ ಬಹುಮಾನ ಕೊಡುತ್ತಾ ಕೇಳಿದರು:

“ಈ ಸೀರಿ ಯಾರ ನೇಯ್ದಾರವ್ವಾ?”

ರಾಜಶ್ರೀ ಮೈಕಿನಲ್ಲೇ ಹೇಳಿಬಿಟ್ಟಳು.

“ರಬಕವಿ ಸಿದ್ದಾರೂಢ ಅಂತ್ರಿ. ನಾ ಮದಿವ್ಯಾಗೂ ಹುಡುಗ. ಅವ್ರ ಹೂಂ ಅಂದ್ರ!”

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಕೊನೆಯ ಸಾಲಿನಲ್ಲಿ ಸಿದ್ದಾರೂಢ ಕುರ್ಚಿ ಬೀಳಿಸಿಕೊಂಡು ಎದ್ದು ನಿಂತ.

“ಹೂಂ ರೀ!” ಎಂದು ಕೂಗಿದ. ಅವನಿಗೆ ಮೈಕೇ ಬೇಕಾಗಲಿಲ್ಲ.