ಹುಸೇನಸಾಬರ ಮೇಲಿನ ಸ್ವರ

"ಇದೊಂದು ಸ್ವರ ಹುಸೇನಸಾಬ್ರು ಊದಿದ್ದಲ್ರಿ" ಎಂದು ಬಾಗಲಕೋಟೆಯ ಪ್ರವೀಣಕುಮಾರ ಹೆಡ್‌ಫೋನ್ ತೆಗೆದಿಟ್ಟಾಗ ಶಿವಗಂಗಾ ಗಾಬರಿಯಿಂದ ಆ ಸ್ವರವನ್ನು ಮತ್ತೊಮ್ಮೆ ಹಚ್ಚಿದಳು.

ಇಳಕಲ್ಲಿನ ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಟ್ರಂಪೆಟ್ ಊದಿದವರು ಹುಸೇನಸಾಬರು. ಅವರ ಒಂದೊಂದೇ ಸ್ವರವನ್ನು ಧ್ವನಿಮುದ್ರಿಸಿ, ಕಂಪ್ಯೂಟರಿನಲ್ಲಿ ಕೀಲಿ ಒತ್ತಿದರೆ ಅವರೇ ಊದಿದಂತೆ ಕೇಳಿಸುವ ಸಂಗ್ರಹವನ್ನು ಅವಳು ಕಟ್ಟಿದ್ದಳು. ವಾದ್ಯವೃಂದದ ಸಂಗೀತಗಾರರಿಗೆ ಕೊಡುವ ಮುನ್ನ ಅದನ್ನು ಒರೆಗೆ ಹಚ್ಚಲು ಬಂದವನು ಪ್ರವೀಣಕುಮಾರ. ಮೆಲ್ಲಗೆ ಊದಿದ್ದು, ಜೋರಾಗಿ ಊದಿದ್ದು ಎಲ್ಲ ಕೇಳಿ ತಲೆದೂಗಿದ್ದ. ಎಲ್ಲಕ್ಕಿಂತ ಮೇಲಿನ ಸ್ವರಕ್ಕೆ ಮಾತ್ರ ಶುರುವೇ ಬೇರೆ, ಕೊನೆಯಲ್ಲಿ ಏನೋ ಗುಜುಗುಜು. ಊದಿದವರು ಯಾರೆಂದು ತಿಳಿಯದೆ ಒಪ್ಪಿಗೆ ಕೊಡುವುದಿಲ್ಲ ಎಂದುಬಿಟ್ಟ. ಹುಸೇನಸಾಬರು ತೀರಿ ಮೂರು ತಿಂಗಳಾಗಿತ್ತು. ಅವರ ಉಸಿರನ್ನು ಉಳಿಸುತ್ತೇನೆಂದು ಶಿವಗಂಗಾ ಅವರಿಗೆ ಮಾತು ಕೊಟ್ಟಿದ್ದಳು.

ಅವಳು ಓಡಿದ್ದು ಸೋದರತ್ತೆ ಬಸಲಿಂಗವ್ವನ ಬಳಿಗೆ. ಮೂವತ್ತು ವರ್ಷ ದವಾಖಾನೆಯಲ್ಲಿ ನರ್ಸಾಗಿದ್ದ ಈ ಅತ್ತೆ, ಕಳುವಾದ ಎಮ್ಮೆಯಿಂದ ಹಿಡಿದು ಕಾಣೆಯಾದ ಅಳಿಯನ ತನಕ ಓಣಿಯ ಗುಟ್ಟುಗಳನ್ನೆಲ್ಲ ಬಿಡಿಸಿದವಳು. ಸಂಗೀತವೆಂದರೆ ಮಾತ್ರ ಕೋಣನ ಮುಂದೆ ಕಿನ್ನರಿ.

ಅತ್ತೆ ಕಣ್ಣು ಮುಚ್ಚಿ ಎಲ್ಲ ಸ್ವರ ಕೇಳಿದಳು. ಉಳಿದವುಗಳ ಮುಂಚೆ ನಾಲಿಗೆ ತುಟಿಗೆ ತಾಗುವ ಸಣ್ಣ ಸಪ್ಪಳವಿದೆ, ಇದಕ್ಕಿಲ್ಲ ಎಂದಳು. ದಮ್ಮಿನ ಕಾಯಿಲೆಯ ಹುಸೇನಸಾಬರು ಉಸಿರು ಕೂಡಿಬಂದಾಗಷ್ಟೇ ಊದುತ್ತಿದ್ದುದರಿಂದ ಧ್ವನಿಮುದ್ರಣ ಯಂತ್ರ ಒಂದು ತಿಂಗಳು ಅವರ ಮನೆಯಲ್ಲೇ ಇತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಊದಬಲ್ಲವರು ಇಬ್ಬರೇ. ಗುಟುಕು ನೀರಿಲ್ಲದೆ ವಾದ್ಯ ಮುಟ್ಟದ ಶಿಷ್ಯ ಬೀರೇಶ, ಮತ್ತು ಅಪ್ಪನೊಡನೆ ಜಗಳಾಡಿ ಐದು ವರ್ಷದಿಂದ ವಾದ್ಯ ಬಿಟ್ಟಿದ್ದ ಮಗ ಫಾರೂಕ. ಎಲ್ಲರ ಬೆರಳೂ ಬೀರೇಶನ ಕಡೆಗೇ. ಅತ್ತೆ ಆ ಸ್ವರ ಮುದ್ರಣವಾದ ಹೊತ್ತು ಯಾವುದೆಂದು ಕೇಳಿದಳು. ರಮಜಾನ್ ತಿಂಗಳು, ಮಧ್ಯಾಹ್ನ ಮೂರು ಗಂಟೆ ಎಂದು ಯಂತ್ರ ತೋರಿಸಿತು.

ಸಂಜೆ ಹುಸೇನಸಾಬರ ಹೆಂಡತಿ ಲಾಲಬಿಯ ಮನೆಯಲ್ಲಿ ಎಲ್ಲರೂ ಸೇರಿದರು. ಬೀರೇಶ ಮುಖ ಸಣ್ಣ ಮಾಡಿಕೊಂಡು ಬಾಗಿಲಲ್ಲೇ ನಿಂತಿದ್ದ.

"ರಾಗ ನನಗ ತಿಳಿಯಂಗಿಲ್ಲ, ಉಸಿರು ತಿಳೀತದ" ಎಂದಳು ಬಸಲಿಂಗವ್ವ. "ಹುಸೇನಸಾಬ್ರು ಗುಳಿಗಿ ತಗೋತಿದ್ರು, ಅವರಿಗೆ ನೀರೂ ಮುಟ್ಟದ ರೋಜಾ ಉಪವಾಸ ಇರಲಿಲ್ಲ. ತುಟಿ ಹಸಿ ಮಾಡ್ಕೊಂಡೇ ಊದತಿದ್ರು. ಬೀರೇಶಂದೂ ಹಂಗ. ಈ ಸ್ವರದ ಶುರುವಿಗೆ ಬರೇ ಗಾಳಿ, ಅಂದ್ರ ತುಟಿ ಒಣಗ್ಯಾವು. ಎದಿ ಮಾತ್ರ ಗಟ್ಟಿ, ದಮ್ಮಿನ ಬ್ಯಾನಿ ಇಲ್ಲ. ಅವತ್ತು ರೋಜಾ ಇದ್ದಾಂವ ನೀನಲ್ಲೇನೋ ಫಾರೂಕ?"

ಫಾರೂಕ ತಲೆ ತಗ್ಗಿಸಿದ. ಅಪ್ಪ ಆ ಸ್ವರಕ್ಕಾಗಿ ಮೂರು ದಿನ ಹೆಣಗಿ, ಬಾರದೆ ಅತ್ತಿದ್ದರಂತೆ. ಅವರು ಹಿತ್ತಲಲ್ಲಿ ಮಲಗಿದ್ದಾಗ ತಾನೇ ಊದಿ ಸುಮ್ಮನಾದೆ ಎಂದ. ಗೊತ್ತಾದರೆ ಬೈಯುತ್ತಾರೆಂದು ಹೇಳಲಿಲ್ಲ. ಅಪ್ಪ ಒಮ್ಮೆಯೂ ತನ್ನನ್ನು ಹೊಗಳಿದವರಲ್ಲ ಎಂದ.

"ಹುಚ್ಚಾ, ಮನ್ಯಾಗ ಟ್ರಂಪೆಟ್ ಊದಿದ್ರ ಯಾರಿಗೆ ನಿದ್ದಿ ಬರತದೋ?" ಎಂದು ಬಸಲಿಂಗವ್ವ ಪ್ರವೀಣಕುಮಾರನ ಕಡೆ ತಿರುಗಿದಳು. "ಆ ಗುಜುಗುಜು ದೊಡ್ಡದು ಮಾಡ್ರಿ."

ಸ್ವರ ಆರಿತು. ಅದರ ಹಿಂದೆಯೇ, ಹಿತ್ತಲ ಕಡೆಯಿಂದ, ಏದುಸಿರಿನ ಒಂದು ದನಿ.

"ಶಾಭಾಸ್, ಬೇಟಾ."

ಲಾಲಬಿ ಸೆರಗನ್ನು ಬಾಯಿಗೊತ್ತಿಕೊಂಡಳು. ಶಿವಗಂಗಾಳಿಗೂ ಅಳು ತಡೆಯಲಾಗಲಿಲ್ಲ. ಸಂಗ್ರಹದ ಮೇಲೆ ಅಪ್ಪ, ಮಗ ಇಬ್ಬರ ಹೆಸರೂ ಇರಲಿ ಎಂದು ಪ್ರವೀಣಕುಮಾರ ಒಪ್ಪಿಗೆ ಬರೆದುಕೊಟ್ಟ. ರೂಢಿಯಂತೆ ಆ ಕೊನೆಯ ಸಪ್ಪಳವನ್ನು ಕತ್ತರಿಸಲು ಅವನು ಕೈ ಚಾಚಿದಾಗ ಫಾರೂಕ ಮೆಲ್ಲಗೆ ಆ ಕೈ ಹಿಡಿದ.

"ಇನ್ನೊಮ್ಮೆ ಹಚ್ರಿ, ಅಣ್ಣಾರ."