ಹೊಟ್ಟೆ ತುಂಬಿದ ನಾಣ್ಯ

ಚಲಾವಣೆ ನಿಂತ ಹಳೆಯ ನಾಣ್ಯ ಒಂದಕ್ಕೆ ಗುಜರಿ ಅಂಗಡಿಯಲ್ಲಿ ಅರ್ಧ ಲೋಟ ಚಹಾದ ಬೆಲೆ. ಒಂದು ಟೊಳ್ಳು ನಾಣ್ಯ ಮಾಡಲು ಅಂಥವು ಎರಡು ಬೇಕು. ಲೇತ್ ಯಂತ್ರದ ಮುಂದೆ ಎರಡೂವರೆ ಗಂಟೆಯ ಕೂಲಿ, ಕರೆಂಟು, ಸವೆದ ಉಳಿ ಎಲ್ಲ ಸೇರಿದರೆ ಒಂದು ಊಟದ ಖರ್ಚು. ಹತ್ತರಲ್ಲಿ ಮೂರು ತೂತಾಗಿ ಕಸಕ್ಕೆ ಹೋಗುತ್ತವೆ. ಉಳಿದದ್ದಕ್ಕೆ ಜಾದೂಗಾರರು ಒಂದು ಜೊತೆ ಒಳ್ಳೆಯ ಚಪ್ಪಲಿಯ ಬೆಲೆ ಕೊಡುತ್ತಾರೆ. ಹಾಗಾಗಿ ಗುಜರಿ ಚೀಲದಲ್ಲಿ ಯಾರೋ ಮೊದಲೇ ಟೊಳ್ಳು ಮಾಡಿ ಮುಚ್ಚಿದ್ದ ನಾಣ್ಯವೊಂದು ಸಿಕ್ಕಾಗ ಲೇತ್ ಕೆಲಸಕ್ಕೆ ಸೇರಿದ್ದ ಹೊಸಬ ಹಿಗ್ಗಿಹೋದ.

"ಅದನ್ನ ಆಚೆ ಇಡು," ಅಂದರು ಮೇಸ್ತ್ರಿ. ಅದನ್ನು ಕಬ್ಬಿಣದ ಮೇಜಿನ ಮೇಲೆ ಬೀಳಿಸಿ ಕಿವಿಗೊಟ್ಟರು. ಟಣ್ ಅನ್ನಲಿಲ್ಲ. ಹಸಿ ಮಾಂಸ ಬಿದ್ದ ಹಾಗೆ ಸದ್ದಾಯಿತು. "ನಾವು ಮಾಡೋದು ಖಾಲಿ ಇರುತ್ತೆ. ಇದರ ಹೊಟ್ಟೆ ತುಂಬಿದೆ. ಯಾರಿಗೋ ಮಾಡಿಸಿದ ಮಾಟ ಕಣೋ ಇದು. ಇದನ್ನ ಖಾಲಿ ಮಾಡಿದವನನ್ನ ಇದು ಖಾಲಿ ಮಾಡುತ್ತೆ."

"ನನ್ನ ಜೇಬು ತಿಂಗಳ ಮೊದಲ ವಾರವೇ ಖಾಲಿ, ಮೇಸ್ತ್ರಿ. ಇನ್ನೇನು ಸಿಗುತ್ತೆ ಅದಕ್ಕೆ?"

"ನಿನಗಿಂತ ಮುಂಚೆ ಇದ್ದವನೂ ಇಂಥದೊಂದು ಸಿಕ್ಕಾಗ ಹೀಗೇ ಹಲ್ಲು ಕಿರಿದಿದ್ದ," ಎಂದು ಮೇಸ್ತ್ರಿ ಊಟಕ್ಕೆ ಹೋದರು.

ಹೊಸಬ ಪಂಪು ತಯಾರಿಸುವ ಕಾರ್ಖಾನೆ ಬಿಟ್ಟು ಇಲ್ಲಿಗೆ ಸೇರಿ ಒಂದೂವರೆ ತಿಂಗಳಾಗಿತ್ತು. ಕೆಲಸ ಕೈಗೆ ಹತ್ತಿತ್ತು. ಮೊದಲು ಸೋಡಾ ನೀರಿನಲ್ಲಿ ನಾಣ್ಯ ತೊಳೆಯಬೇಕು. ಬೆವರು, ಮೀನಿನ ಲೋಳೆ, ಮೂಗು ಒರೆಸಿದ ಬೆರಳುಗಳ ಜಿಡ್ಡು ಎಲ್ಲ ಬಿಟ್ಟು ನೀರು ಚರಂಡಿಯ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಒಂದು ನಾಣ್ಯವನ್ನು ಲೇತಿಗೆ ಕಚ್ಚಿಸಿ, ಒಂದು ಮುಖ ಮತ್ತು ಅಂಚು ಮಾತ್ರ ಉಳಿಯುವಂತೆ ಒಳಗನ್ನೆಲ್ಲ ಕೆರೆದು ತೆಗೆದರೆ ಅದು ಚಿಪ್ಪು. ಇನ್ನೊಂದರ ಅಂಚು ಸವರಿ ಚಿಪ್ಪಿನೊಳಗೆ ಕೂರುವಂತೆ ಮಾಡಿದರೆ ಅದು ಮುಚ್ಚಳ. ಕೊನೆಗೆ ಪರೀಕ್ಷೆ. ಉಗುರಿನಷ್ಟು ತೆಳುವಾದ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ತೂತಿರಬಹುದು. ಚಿಪ್ಪನ್ನು ನಾಲಿಗೆಗೆ ಹಚ್ಚಿ ಗಾಳಿ ಹೀರಬೇಕು. ಅಂಟಿಕೊಂಡರೆ ಸರಿ, ಬಿದ್ದರೆ ಕಸ. ಈಗೀಗ ಯಾವ ಚಿಪ್ಪು ಕೈಗೆ ಬಂದರೂ ಅವನ ನಾಲಿಗೆ ತಾನಾಗಿ ಮುಂದೆ ಬರುತ್ತಿತ್ತು.

ಮೇಸ್ತ್ರಿ ಬೀದಿ ದಾಟುವಷ್ಟರಲ್ಲಿ ಹೊಸಬ ಆ ನಾಣ್ಯವನ್ನು ಬಿಸಿ ಮಾಡಿ, ಮುಚ್ಚಳ ಬಿಡಿಸುವ ಕಬ್ಬಿಣದ ಉಂಗುರದ ಮೇಲೆ ಕುಟ್ಟಿದ. ಮುಚ್ಚಳ ಎದ್ದಿತು. ಒಳಗೆ ಕಪ್ಪು ಕೊಬ್ಬು, ಕೂದಲಿನ ಗಂಟು, ಒಂದು ಸಣ್ಣ ಹಲ್ಲು. ಸತ್ತ ಇಲಿ ಪೆಟ್ಟಿಗೆಯೊಳಗೆ ಬೇಸಿಗೆ ಕಳೆದ ವಾಸನೆ. ಮೂಗು ಮುಚ್ಚಿಕೊಂಡು ಎಲ್ಲವನ್ನೂ ಲೇತಿನ ಕೆಳಗಿನ ಎಣ್ಣೆನೀರಿನ ತೊಟ್ಟಿಗೆ ಕೆರೆದು ಹಾಕಿದ. ಬಟ್ಟೆಯಿಂದ ಒರೆಸಿದ. ಆಮೇಲೆ, ಅಭ್ಯಾಸಬಲ, ಚಿಪ್ಪನ್ನು ನಾಲಿಗೆಗೆ ಹಚ್ಚಿ ಹೀರಿದ.

ಅಂಟಿಕೊಂಡಿತು. ಉಸಿರು ಬಿಟ್ಟರೂ ಬೀಳಲಿಲ್ಲ. ಚಿಪ್ಪೇ ಅವನನ್ನು ಹೀರುತ್ತಿತ್ತು. ಕಿತ್ತಾಗ ಜಿಗಣೆ ಬಿಡಿಸಿದ ಸದ್ದಾಯಿತು.

ಮೂರು ದಿನ ಅನ್ನ, ನೀರು, ಎಂಜಲು ಎಲ್ಲಕ್ಕೂ ಆ ಚಿಪ್ಪಿನದೇ ರುಚಿ. ನಾಲ್ಕನೆಯ ದಿನ ಊಟದ ಹೊತ್ತಿಗೆ ದವಡೆ ಹಲ್ಲೊಂದು ಮೊಟ್ಟೆಯ ಸಿಪ್ಪೆಯಂತೆ ಒಡೆಯಿತು. ಹೊರಗೆ ಬೆಳ್ಳಗಿನ ಚಿಪ್ಪು. ಒಳಗೆ ಕಪ್ಪು ಕೊಬ್ಬು. ನಡುವೆ ಒಂದು ಕೂದಲು. ಎಳೆದ. ಬಂತು. ಇನ್ನೂ ಬಂತು. ಒಂದು ಗೇಣು. ಎರಡು ಗೇಣು. ಗಂಟಲಿನ ಆಳದಿಂದ ಬಂತು.

ಮೇಸ್ತ್ರಿ ಬೈಯಲಿಲ್ಲ. ಬಾಯಿ ತೆರೆಸಿ ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಹಲ್ಲು ತಟ್ಟಿದರು. ಎಲ್ಲವೂ ಟೊಳ್ಳು.

"ಏನು ತೆಗೆದೆಯೋ ಅದನ್ನ ವಾಪಸ್ ತುಂಬಬೇಕು. ಹಲ್ಲಾದ ಮೇಲೆ ಮೂಳೆಗೆ ಹೋಗುತ್ತೆ. ಹಿಂದಿನವನನ್ನ ನಾನೊಬ್ಬನೇ ಎತ್ತಿದ್ದೆ. ಬುಟ್ಟಿಯಷ್ಟೇ ಭಾರ ಇದ್ದ."

ಇಬ್ಬರೂ ಮೊಣಕೈವರೆಗೆ ತೊಟ್ಟಿಗೆ ಕೈ ಹಾಕಿದರು. ತಿಂಗಳುಗಟ್ಟಲೆ ಬದಲಿಸದ ಎಣ್ಣೆನೀರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಮೇಲೆ ಕೆನೆ ಕಟ್ಟಿತ್ತು. ಲೋಹದ ತುರಿಗೆ ಸುತ್ತಿಕೊಂಡ, ಕಪ್ಪು ಕೊಬ್ಬು ಮೆತ್ತಿದ ಕೂದಲಿನ ಗಂಟು ಸಿಕ್ಕಿತು. ಹಲ್ಲು ಸಿಗಲಿಲ್ಲ.

"ನನಗೆ ವಯಸ್ಸಾಯ್ತು, ನನ್ನದೇ ಕೊಡೋಣ ಅಂದ್ರೆ ಎಲ್ಲ ಅಂಗಡೀಲಿ ಕೊಂಡಿದ್ದು," ಅಂದರು ಮೇಸ್ತ್ರಿ. "ಆಸ್ಪತ್ರೆ ಹೆಣದ ಕೋಣೇಲಿ ನನ್ನ ತಮ್ಮನ ಮಗ ಇದಾನೆ. ಬೆಳಗ್ಗೆ ಒಂದು ತರಿಸ್ತೀನಿ. ಸತ್ತವರದ್ದೇ ಆಗಬೇಕು, ಕೇಳಿಸ್ತಾ? ಬದುಕಿರೋರ ಹಲ್ಲು ಹಾಕಿದರೆ ಅದು ಅವರ ಮೇಲೆ ತಿರುಗುತ್ತೆ."

ನಾಣ್ಯ, ಕೂದಲಿನ ಗಂಟು ಜೇಬಿನಲ್ಲಿಟ್ಟುಕೊಂಡು ಮನೆಗೆ ನಡೆಯುವಾಗ ಅವನ ಮೊಣಕಾಲ ಕೆಳಗೆ ಟೊಕ್ ಟೊಕ್ ಎನ್ನುತ್ತಿತ್ತು. ಬಿದಿರು ಕಟ್ಟಿಕೊಂಡು ನಡೆದಂತೆ. ಬೆಳಗಿನವರೆಗೆ ಈ ಕಾಲು ಉಳಿಯುತ್ತದೆಯೇ?

ಬಾಗಿಲಲ್ಲಿ ಮಗಳು ನಿಂತಿದ್ದಳು, ಆರು ವರ್ಷದವಳು. "ಅಪ್ಪ, ನೋಡಿಲ್ಲಿ, ಅಲ್ಲಾಡ್ತಿದೆ." ಮುಂದಿನ ಹಲ್ಲು ಒಂದು ಎಳೆಯಲ್ಲಿ ನೇತಾಡುತ್ತಿತ್ತು.

ಹೇಗೂ ಬೀಳುವ ಹಲ್ಲು. ನಾಳೆ ಬಿದ್ದರೆ ಕಸ. ಮತ್ತೆ ಹುಟ್ಟುತ್ತದೆ. ಅವನು ದಾರ ಕಟ್ಟಿದ. "ಕಣ್ಣು ಮುಚ್ಚು ಪುಟ್ಟಿ." ಎಳೆದ. ಅವಳು ನಕ್ಕಳು. ಅವನು ಅಡುಗೆಮನೆಗೆ ಓಡಿದ. ಕೂದಲು. ಹಲ್ಲು. ಮುಚ್ಚಳ. ಒತ್ತಿದ. ನಾಣ್ಯ ತೇಗಿತು. ಬಾಯಿಂದ ರುಚಿ ಹೋಯಿತು. ಕಾಲು ಕಲ್ಲಿನಷ್ಟು ಗಟ್ಟಿಯಾಯಿತು.

ಬೆಳಗ್ಗೆ ಮೇಸ್ತ್ರಿ ಕಾಗದದ ಪೊಟ್ಟಣ ಹಿಡಿದು ಕಾಯುತ್ತಿದ್ದರು. ಅವನ ಹಲ್ಲು ತಟ್ಟಿ ನೋಡಿದರು.

"ಯಾರದ್ದು ಹಾಕಿದೆ?"

ಅವನು ಗುಜರಿ ಚೀಲ ಬಿಚ್ಚತೊಡಗಿದ.

"ನಾಣ್ಯ ಎಲ್ಲಿ? ಬೇಗ ಕೊಡು. ಇನ್ನೂ ಬದಲಿಸಬಹುದು."

"ಬರ್ತಾ ಸೇತುವೆ ಮೇಲಿಂದ ಹೊಳೆಗೆ ಎಸೆದೆ."

ಮೇಸ್ತ್ರಿ ನೆಲದ ಮೇಲೆ ಕೂತುಬಿಟ್ಟರು.

ಎರಡು ತಿಂಗಳಿಗೆ ಮಗಳಿಗೆ ಹೊಸ ಹಲ್ಲು ಬಂತು. ಅವನು ಉಗುರಿನಿಂದ ತಟ್ಟಿ ನೋಡಿದ. ಚಳಿಗಾಲ ಮುಗಿಯುವಷ್ಟರಲ್ಲಿ ಅವಳನ್ನು ಒಂದೇ ಕೈಯಲ್ಲಿ ಎತ್ತಬಹುದಾಗಿತ್ತು.

ಅವನಿಗೆ ಮೂವತ್ತೊಂದು ಗಟ್ಟಿ ಹಲ್ಲು ಮತ್ತು ಎರಡು ಕಾಲು ಉಳಿದವು. ಮಗಳು ಉಳಿಯಲಿಲ್ಲ.