ನಡುಹೊಸ್ತಿಲ ಬೀಗ

ಹೇಳಲೋ, ಬೇಡವೋ? ಬಾಡಿಗೆಗೆ ಬಂದವನ ಬ್ಯಾಗು ಇನ್ನೂ ಹೆಗಲ ಮೇಲಿದೆ, ಬೂಟಿನ ಲೇಸು ಬಿಚ್ಚುತ್ತಿದ್ದಾನೆ. ಓದಿದ ಮನುಷ್ಯನೊಬ್ಬ ಬಂದ ಕೂಡಲೇ ಅವನೆದುರು ಹೊಸ್ತಿಲ ಮೇಲೆ ನಿಂತು ಮಂತ್ರ ಒದರಿದ ಹಾಗೆ ಒದರುವುದೇ? ನಕ್ಕುಬಿಟ್ಟರೆ? ಅಷ್ಟಕ್ಕೂ, ಒಳಗೆ ಬರಬೇಡ ಅನ್ನುವುದಕ್ಕೆ ಈ ಮನೆಯಲ್ಲಿ ತಾನು ಯಾರು?

ಭೀಮೇಶ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ. ಸಂಶಿಯಿಂದ ಶಲವಡಿಯ ಈ ಮನೆಗೆ ಮನೆ ಅಳಿಯನಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಣ್ಣಿಗೇರಿಯ ಕಾಲೇಜಿನಲ್ಲಿ ಅವನು ಅತಿಥಿ ಉಪನ್ಯಾಸಕ. ಊರಾಚೆಯ ಎರೆಹೊಲಗಳಲ್ಲಿ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನುಗಳು ಎದ್ದ ಮೇಲೆ, ಅವುಗಳ ಕೆಲಸಕ್ಕೆ ಬಂದವರು ಊಟ ಸಹಿತ ಖೋಲಿ ಹುಡುಕಿಕೊಂಡು ಅಲೆಯುತ್ತಿದ್ದರು. ಪಡಸಾಲೆಗೆ ಅಂಟಿದ ಕೋಣೆ ಖಾಲಿ ಬಿದ್ದಿದೆ, ಕೊಡೋಣ ಎಂದವನು ಅವನೇ. ಅತ್ತೆ ಮೈಲಾರವ್ವ ಬೇಡವೆನ್ನಲಿಲ್ಲ. ಒಂದು ಮಾತು ಮಾತ್ರ ಹೇಳಿದ್ದಳು.

"ಬಂದಾಂವ ನಮ್ಮ ರೊಟ್ಟಿ ಮುರಿಯೂದ್ರಾಗ, ಮನಿ ಗಂಡಸು ನಡುಮನಿ ಹೊಸ್ತಿಲ ಮ್ಯಾಲ ನಿಂತು ಬಾಯಿಬಿಟ್ಟು ಹೇಳಬೇಕ್ರಿ ಅಳಿಯಂದ್ರ. 'ಈ ಹೊಸ್ತಿಲ ತನಕ ನಿನ್ನ ಮನಿ, ಒಳಗಿಂದು ನಮ್ಮದು.' ಇಷ್ಟ. ನಮ್ಮ ಯಜಮಾನ್ರು ಇರೂತನಕ ಎಲ್ಲಾರಿಗೂ ಹೇಳಿದ್ರು. ಸಾಲಿ ಮಾಸ್ತರಗೂ ಹೇಳಿದ್ರು, ತಲಾಟಿಗೂ ಹೇಳಿದ್ರು."

"ಹೇಳಲಿಲ್ಲಂದ್ರ ಏನಾಕ್ಕೈತ್ರಿ?"

"ಹೊರಗಿನಾಂವ ಒಳಗ, ಒಳಗಿನಾಂವ ಹೊರಗ."

ಆಕೆಯ ಮಾವನ ಅಪ್ಪನ ಕಾಲದ ಕತೆ ಅದು. ಊರೂರು ತಿರುಗಿ ಬೀಗ ರಿಪೇರಿ ಮಾಡುವವನೊಬ್ಬ ಇದೇ ಕೋಣೆಯಲ್ಲಿ ಉಳಿದಿದ್ದ. ಊರಿಗೆ ಬೇನೆ ಬಂದ ವರ್ಷ ಅವನಿಗೂ ಜ್ವರ ಏರಿತು. ತೆವಳುತ್ತ ನಡುಮನೆಯ ಹೊಸ್ತಿಲಿಗೆ ಬಂದು ನೀರು ಕೇಳಿದ. ಒಳಗಿನವರು ಬಾಗಿಲು ಹಾಕಿಕೊಂಡರು. ಸಾಯುವ ಮೊದಲು ಅವನು ಒಂದು ಬೀಗಕ್ಕೆ ತನ್ನ ಉಗುಳು ಹಚ್ಚಿ, ಏನೋ ಗೊಣಗಿ, ಒತ್ತಿ ಮುಚ್ಚಿ, ಹೊಸ್ತಿಲ ಬುಡದಲ್ಲಿ ಹುಗಿದ. ಅದು ಬಾಯಿ ಕಟ್ಟುವ ಮಾಟ. ಮನೆಯ ಗಂಡಸಿನ ಬಾಯಿಗೆ ಬೀಗ. ಅದನ್ನು ಅಗೆದು ತೆಗೆಯಲು ಹೋದವನೊಬ್ಬ ಬಾಯಲ್ಲಿ ರಕ್ತ ಕಾರಿ ಸತ್ತಿದ್ದನಂತೆ. ಹೊಸಬ ಬಂದ ದಿನ ದೀಪ ಹಚ್ಚುವ ಹೊತ್ತಿಗೆ ಆ ಬೀಗ ಬಿಗಿಯುತ್ತದೆ; ಅದಕ್ಕೂ ಮೊದಲೇ ಆಡಿಬಿಟ್ಟ ಮಾತಿಗೆ ಮಾತ್ರ ಅದರ ಕಟ್ಟು ತಾಗುವುದಿಲ್ಲ.

"ಅಷ್ಟ ಮಂತ್ರಾ ಬರ್ತಿದ್ದಾಂವ ತನ್ನ ಜ್ವರಾ ಯಾಕ ಬಿಡಿಸ್ಕೊಳ್ಳಲಿಲ್ರಿ ಅತ್ತಿ?" ಎಂದು ಭೀಮೇಶ ನಕ್ಕಿದ್ದ. ಮೈಲಾರವ್ವ ನಗಲಿಲ್ಲ.

ಈಗ ಬಾಡಿಗೆಗೆ ಬಂದ ಮನುಷ್ಯ ಎದುರಿಗೇ ಇದ್ದ. ಗುರುಪಾದ. ಬಾಗಲಕೋಟೆ ಕಡೆಯವನು, ದುಂಡು ಮುಖ, ಮಾತಿಗೊಮ್ಮೆ ನಗು. ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂತ. ಒಳಗಿನಿಂದ ಕಾದ ಹಂಚಿನ ವಾಸನೆ, ರೊಟ್ಟಿ ಬಡಿಯುವ ಸಪ್ಪಳ. ಮೈಲಾರವ್ವ ತಾಟು ಹಿಡಿದು ಹೊಸ್ತಿಲ ಆಚೆಗೆ ನಿಂತಳು. ತಾಟು ಮುಂದೆ ಚಾಚಲಿಲ್ಲ.

"ಹೇಳಿದ್ರೇನ್ರಿ?" ಎಂದಳು ಮೆಲ್ಲಗೆ.

ಭೀಮೇಶ ಹೂಂ ಎಂದು ತಲೆ ಆಡಿಸಿದ.

ಅಷ್ಟೇ. ಅತಿ ಸಣ್ಣ ಸುಳ್ಳು. ತಾಟು ಹೊಸ್ತಿಲು ದಾಟಿತು. ಗುರುಪಾದ ರೊಟ್ಟಿ ಮುರಿದ.

"ಆಹಾ ಕಾಕೂ, ಹಪ್ಪಳಾ ಆಗ್ಯಾವಲ್ರಿ! ನಮ್ಮವ್ವ ಕೇಳಿದ್ರ ಹೊಟ್ಟಿ ಉರ್ಕೊಂತಾಳ."

ಸಂಜೆ ದೇವರ ಮುಂದೆ ಬತ್ತಿ ಹೊಸೆಯುತ್ತ ಮೈಲಾರವ್ವ ಮತ್ತೆ ಕೇಳಿದಳು. "ಖರೇನ ಹೇಳೀರಿಲ್ರಿ? ರೊಟ್ಟಿ ಮುರದ ಮ್ಯಾಲೂ ದೀಪಾ ಹಚ್ಚೂತನಕ ವ್ಯಾಳ್ಯಾ ಐತಿ. ಮರ್ತಿದ್ರ ಈಗರ ಹೇಳಿಬಿಡ್ರಿ. ತಪ್ಪೇನಿಲ್ಲ."

ಈಗ ಹೇಳಬಹುದಿತ್ತು. ಆದರೆ ಹೇಳಿದರೆ ಮಧ್ಯಾಹ್ನದ ಸುಳ್ಳು ಹೊರಬರುತ್ತಿತ್ತು. ಇಷ್ಟು ಸಣ್ಣದಕ್ಕೆ ಸುಳ್ಳಾಡಿದ ಅಳಿಯ ಎಂದು ಆಕೆ ಒಂದು ಗಳಿಗೆ ನೋಡುತ್ತಿದ್ದಳು. ಆ ನೋಟ ಅವನಿಗೆ ಬೇಡವಾಗಿತ್ತು. ಸಣ್ಣಂದಿನಿಂದಲೂ ಹಾಗೆಯೇ, ಮಾತಾಡಿ ಸಣ್ಣವನಾಗುವುದಕ್ಕಿಂತ ಸುಮ್ಮನಿರುವುದು ಅವನಿಗೆ ಸಲೀಸು. ಆ ಸುಮ್ಮನಿರುವಿಕೆಯನ್ನು ಜನ ಒಳ್ಳೆಯತನ ಅನ್ನುತ್ತಿದ್ದರು. ಅವನೂ ಹಾಗೆಯೇ ನಂಬಿದ್ದ.

"ಹೇಳೀನ್ರಿ. ಎಷ್ಟ ಸಲಾ ಕೇಳ್ತೀರಿ?"

ಮೈಲಾರವ್ವ ಕಡ್ಡಿ ಗೀರಿದಳು. ದೀಪ ಹತ್ತಿಕೊಂಡಿತು. ಅದೇ ಹೊತ್ತಿಗೆ ನಡುಮನೆಯ ಹೊಸ್ತಿಲ ಕೆಳಗಿನಿಂದ ಕಟಕ್ ಎಂದು ಒಂದು ಸದ್ದು ಬಂತು. ಹಳೆಯ ಕಟ್ಟಿಗೆ ಎಂದುಕೊಂಡ ಭೀಮೇಶ. ಸುಣ್ಣ ಹೆಚ್ಚಾದ ಎಲೆ ತಿಂದಾಗ ಆಗುವಂತೆ ಅವನ ನಾಲಿಗೆಯ ತುದಿ ಜೋಮು ಹಿಡಿಯಿತು.

ಮರುದಿನ ಮುಂಜಾನೆ ಗುರುಪಾದ ಚೊಂಬು ಹಿಡಿದು ಹೊಸ್ತಿಲ ಮುಂದೆ ನಿಂತ. "ಸರ, ಬಿಸಿನೀರ ಬೇಕಾಗಿತ್ರಿ. ಒಳಗ ಬರಬಹುದೇನ್ರಿ?"

ಅವನು ಕೇಳಿದ್ದ. ಮರ್ಯಾದೆಯಿಂದಲೇ ಕೇಳಿದ್ದ. ಅಲ್ಲೇ ಇರ್ರಿ, ತಂದುಕೊಡ್ತೀನಿ ಅನ್ನಲು ಭೀಮೇಶ ಬಾಯಿ ತೆರೆದ. ನಾಲಿಗೆ ನೆನೆದ ಗೋಣಿತಟ್ಟಿನ ಹಾಗೆ ಬಿದ್ದುಕೊಂಡಿತ್ತು. ಬಾಯಿ ತುಂಬ ತುಕ್ಕಿನ ರುಚಿ. ಕುತ್ತಿಗೆ ತಾನಾಗಿ ಹೂಂ ಎಂದು ಆಡಿತು. ಗುರುಪಾದ ಬಲಗಾಲಿಟ್ಟು ಒಳಗೆ ಬಂದ. ಆಮೇಲೆ ಅವನು ಕೇಳಲಿಲ್ಲ.

ಮೊದಲು ಅವನ ಫೋನು ನಡುಮನೆಯಲ್ಲಿ ಚಾರ್ಜಿಗೆ ಕೂತಿತು. ಆಮೇಲೆ ಅವನ ಟವೆಲು ಭೀಮೇಶನ ಗೂಟಕ್ಕೆ ಬಂತು. ಆಮೇಲೆ ಅವನು ಮಾವನವರ ಕುರ್ಚಿಯಲ್ಲಿ ಕೂತು ಚಹಾ ಕುಡಿದ. ಅದರಲ್ಲಿ ಭೀಮೇಶ ಒಮ್ಮೆಯೂ ಕೂತಿರಲಿಲ್ಲ. ಹಗಲಿನಲ್ಲೂ ಕತ್ತಲೆಯಾದ ಮನೆ ಅದು. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಒಂದೇ ಒಂದು ಬಿಸಿಲಿನ ತುಂಡು ಆ ಕುರ್ಚಿಯ ಮೇಲೆ ಬೀಳುತ್ತಿತ್ತು. ಭೀಮೇಶ ಕತ್ತಲಲ್ಲಿ ನಿಂತು ನೋಡುತ್ತಿದ್ದ. ಕಾಲೇಜಿನಲ್ಲಿ ಪಾಠ ಹೇಳುವಾಗ ಅವನ ನಾಲಿಗೆಗೆ ಏನೂ ಆಗುತ್ತಿರಲಿಲ್ಲ. ಈ ಮನೆಯಲ್ಲಿ ಗುರುಪಾದನ ಎದುರೋ, ತನ್ನ ಹಕ್ಕಿನ ಬಗ್ಗೆಯೋ ಬಾಯಿ ತೆರೆದರೆ ಮಾತ್ರ ತುಕ್ಕು.

ಒಂದು ಸಂಜೆ ಬಂದು ನೋಡಿದರೆ ಅವನ ಹಾಸಿಗೆ, ಪುಸ್ತಕ ಎಲ್ಲ ಪಡಸಾಲೆಯ ಕೋಣೆಯಲ್ಲಿದ್ದವು.

"ಗುರುಪಾದ ಅವರಿಗೆ ಹೊರಗ ಹೊಲದ ಫ್ಯಾನಿನ ಸಪ್ಪಳಕ್ಕ ನಿದ್ದೀನ ಹತ್ತವಲ್ದಂತ," ಎಂದಳು ಹೆಂಡತಿ ಮಹಾಲಕ್ಷ್ಮಿ, ಹೆಸರುಕಾಳು ಆರಿಸುತ್ತ. "ನೀವ ಒಂದೀಟ ದಿನಾ ಹೊರಗ ಮಲಗ್ರಲಾ. ನಾ ಅವ್ವನ ಬಾಜು ಮಲಗ್ತೀನಿ."

"ಲಕ್ಷ್ಮೀ..." ಎಂದ ಅವನು. ಮುಂದಿನದು ಬರಲಿಲ್ಲ.

"ಏನ್ರಿ?"

ಅವನು ಏನಿಲ್ಲವೆಂದು ತಲೆ ಆಡಿಸಿದ. ಆಕೆ ಅವ್ವನ ಬಾಜು ಮಲಗುತ್ತಿದ್ದಳು, ಮೊದಮೊದಲು.

ನಾಲಿಗೆಯ ಜೋಮು ಗಂಟಲಿಗಿಳಿಯಿತು, ಎದೆಗಿಳಿಯಿತು. ಹಸಿಮೆಣಸಿನಕಾಯಿ ಕಚ್ಚಿದರೂ ಖಾರ ಹತ್ತಲಿಲ್ಲ. ಒಮ್ಮೆ ಒಲೆಯ ಮೇಲಿನ ಹಂಚಿಗೆ ಕೈ ತಾಗಿತು. ಚರ್ಮ ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯಿತು. ಸಿಟ್ಟು ಬರಬೇಕಿತ್ತು. ಅವನು ಅದಕ್ಕಾಗಿ ಕಾದ. ಬರಲಿಲ್ಲ. ಕೋಣೆಯಲ್ಲಿ ಮಲಗಿ, ಹೊಲದ ಕಡೆಯಿಂದ ಸುಯ್ ಸುಯ್ ಎಂದು ಬರುವ ರೆಕ್ಕೆಗಳ ಸದ್ದು ಕೇಳುತ್ತಿದ್ದ. ನಡುನಡುವೆ ಗೋಡೆಯಾಚೆ ಯಾರೋ ತೆವಳಿದಂತಾಗುತ್ತಿತ್ತು, ಹೊಸ್ತಿಲ ತನಕ ಬಂದು ನಿಂತಂತಾಗುತ್ತಿತ್ತು.

ಓಣಿಯ ಖಾದರಬಿ ಒಂದು ದಿನ ಹತ್ತಿ ಬಿಡಿಸಿ ಬರುವಾಗ ಕಟ್ಟೆಯ ಮೇಲೆ ಕೂತಿದ್ದ ಅವನನ್ನು ನೋಡಿ ನಿಂತಳು. ಮದುವೆಯಲ್ಲಿ ಮದುಮಗನ ಗಲ್ಲ ಹಿಂಡಿ, "ಈ ಸಂಶಿ ಹುಡುಗ ಬಾಯಾಗ ಬೆಲ್ಲಾ ಇಟಗೊಂಡಾನೇನ, ಮಾತ ಬರವಲ್ವು" ಎಂದು ಎಲ್ಲರನ್ನೂ ನಗಿಸಿದ್ದವಳು ಅವಳೇ.

"ಏನ್ರಿ ಮಾಸ್ತರ, ಖೋಲಿ ಅಗದಿ ಚೊಲೊ ಐತಿಲ್ರಿ? ಯಾವೂರಾತ್ರಿ ನಿಮ್ಮದು?"

ಭೀಮೇಶ ಅವಳ ಮುಖ ನೋಡಿದ. ಹುಡುಗಾಟವೇನೂ ಇರಲಿಲ್ಲ.

"ಖಾದರಬಿ, ನಾನು..." ತುಕ್ಕು. ಬರಿ ಉಸಿರು ಬಂತು.

"ಭಾಳ ಸಂಕೋಚದ ಮನಷ್ಯಾ ಅದೀರಿ ಬಿಡ್ರಿ," ಎಂದು ನಕ್ಕಳು. "ಮೈಲಾರವ್ವಕ್ಕನ ಅಳಿಯಾ ನೋಡ್ರಿ, ಎಷ್ಟ್ ಮಾತಾಡ್ತಾನ! ಗುರುಪಾದ ಇದ್ದಲ್ಲೆ ನಗೀನ ನಗಿ."

ಒಳಗಿನಿಂದ ಮೈಲಾರವ್ವನ ದನಿ ಕೇಳಿತು: "ಅಳಿಯಂದ್ರ, ಊಟಕ್ಕ ಬರ್ರಿ." ಎದ್ದು ಹೋದವನು ಗುರುಪಾದ. ಸ್ವಲ್ಪ ಹೊತ್ತಿಗೆ ಮತ್ತೊಂದು ಕೂಗು: "ಮಾಸ್ತರ, ತಾಟು ಇಟ್ಟೀನ್ರಿ."

ಮರುದಿನ ಮಟಮಟ ಮಧ್ಯಾಹ್ನ. ತಾಯಿ ಮಗಳು ಹೊಲಕ್ಕೆ ಹೋಗಿದ್ದರು, ಗುರುಪಾದ ಕೆಲಸಕ್ಕೆ. ಭೀಮೇಶ ಕಾಲೇಜಿಗೆ ಹೋಗಲಿಲ್ಲ. ಹಿತ್ತಲಿನಿಂದ ಹಾರೆ ತಂದ. ನಡುಹೊಸ್ತಿಲ ಬುಡಕ್ಕೆ ಹಾಕಿದ. ನೆಲ ಗಟ್ಟಿ. ಮತ್ತೆ ಹಾಕಿದ. ಸಾರಣೆಯ ಪದರು ಹೆಕ್ಕಳಿಕೆ ಎದ್ದಿತು. ಅದರ ಕೆಳಗೆ ಎರೆಮಣ್ಣು, ಕಪ್ಪು, ತೇವ. ಮಳೆ ನಿಂತು ಎಷ್ಟೋ ದಿನವಾದ ಮೇಲೂ ಮನೆಯೊಳಗಿನ ಮಣ್ಣು ತೇವ! ಜ್ವರ ಬಂದವನ ಬಾಯಿಯ ವಾಸನೆ ಗಪ್ಪೆಂದು ಮೇಲಕ್ಕೆ ಬಂತು.

ಹಾರೆ ಕಬ್ಬಿಣಕ್ಕೆ ತಾಗಿತು.

ಅಂಗೈಯಗಲದ ಬೀಗ. ತುಕ್ಕು ತಿಂದು ಉಬ್ಬಿತ್ತು. ಕೊಂಡಿಯ ನಡುವೆ ಏನೋ ಸಿಕ್ಕಿತ್ತು. ಒಣಗಿದ ಚಕ್ಕಳದ ತುಂಡು ಎಂದುಕೊಂಡ. ಮುಟ್ಟಿದ. ಒಣಗಿರಲಿಲ್ಲ. ಮೆತ್ತಗಿತ್ತು. ಬೆಚ್ಚಗಿತ್ತು. ಅವನು ಮುಟ್ಟಿದ್ದು ಅವನ ನಾಲಿಗೆಗೇ ತಿಳಿಯಿತು.

ಕೈ ಹಿಂದೆಗೆದ. ರುಬ್ಬುವ ಗುಂಡು ತಂದ. ಒಡೆಯಬೇಕು. ಎತ್ತಿ ಹಾಕಿದ. ಹಲ್ಲು ಅದುರಿತು. ಮತ್ತೆ ಹಾಕಿದ. ಬಾಯಲ್ಲಿ ಬಿಸಿ. ಕೆಂಪು ಹನಿ ಮಣ್ಣಿಗೆ ಬಿತ್ತು. ನೋವಿಲ್ಲ. ಬೀಗ ಮಿಸುಕಲಿಲ್ಲ. ಮತ್ತೆ ಎತ್ತಿದ. ಬೆಳಕಿಂಡಿಯ ಬಿಸಿಲು ಆರಿತು. ಕತ್ತಲು. ಸೀದಾ ಎದುರಿಗೆ ಏನೋ ತೆವಳಿತು. ಕುಂಯ್ ಎನ್ನುವ ಗಂಟಲು. ನೀರು. ನೀರು. ಅದು ಒಳಗಿನಿಂದ ಬರುತ್ತಿರಲಿಲ್ಲ. ಗುಂಡು ಕೈಯಿಂದ ಜಾರಿತು. ಕೇಳುತ್ತಿದ್ದದ್ದು ಅವನದೇ ಗಂಟಲು. ತೆವಳುತ್ತಿದ್ದವನು ಅವನೇ. ಹೊಸ್ತಿಲಿನ ಹೊರಗೆ, ಮೊಣಕಾಲ ಮೇಲೆ.

ದೀಪದ ಗುಂಡಿ ಒತ್ತಿದ ಸದ್ದು. ಹೊಸ್ತಿಲ ಒಳಗೆ ಗುರುಪಾದ ನಿಂತಿದ್ದ, ಲುಂಗಿ ಉಟ್ಟು. ಎಷ್ಟು ಹೊತ್ತು ಕಳೆದಿತ್ತೋ, ಅವನ ಹಿಂದೆ ಮೈಲಾರವ್ವ, ಆಕೆಯ ಪಕ್ಕದಲ್ಲಿ ಸೆರಗಿನಲ್ಲಿ ಕಡ್ಲಿ ಗಿಡ ತುಂಬಿಕೊಂಡ ಮಹಾಲಕ್ಷ್ಮಿ. ಮೂವರ ಮುಖದಲ್ಲೂ ಸಿಟ್ಟಿರಲಿಲ್ಲ. ಕನಿಕರವಿತ್ತು.

"ಏನ್ರಿ ಮಾಸ್ತರ ಇದು?" ಎಂದ ಗುರುಪಾದ. "ನಮ್ಮ ಮನಿ ಹೊಸ್ತಿಲಾ ಯಾಕ ಅಗೀಲಿಕ್ಕೆ ಹತ್ತೀರಿ?"

ಮೈಲಾರವ್ವ ಬಗ್ಗಿ ಅಗೆದ ಕುಣಿಯನ್ನು ನೋಡಿದಳು. ಮುಖ ಕಪ್ಪಿಟ್ಟಿತು. ಕಾಲಿನಿಂದಲೇ ಬೀಗದ ಮೇಲೆ ಮಣ್ಣು ಎಳೆದು ಮುಚ್ಚಿದಳು. "ಅಳಿಯಂದ್ರ, ಈ ಮಾಸ್ತರಗ ನೀವು ಮೊದಲ ಹೇಳಿಲ್ಲೇನ್ರಿ? ಹೇಳಿಬಿಡ್ರಿ ಈಗರ. ಮನಿ ಗಂಡಸು ಹೇಳಬೇಕು."

ಗುರುಪಾದ ತಡಮಾಡಲಿಲ್ಲ. ನಾಚಲೂ ಇಲ್ಲ. ಹೊಸ್ತಿಲ ಮೇಲೆ ಎರಡೂ ಕಾಲಿಟ್ಟು, ಭೀಮೇಶನ ಕಣ್ಣಿಗೆ ಕಣ್ಣಿಟ್ಟು, ಸ್ಪಷ್ಟವಾಗಿ ಹೇಳಿದ:

"ಈ ಹೊಸ್ತಿಲ ತನಕ ನಿನ್ನ ಮನಿ. ಒಳಗಿಂದು ನಮ್ಮದು."

ಎಷ್ಟು ಸಲೀಸಾದ ಮಾತು ಅದು ಎಂದು ಭೀಮೇಶನಿಗೆ ಆಗ ಅನ್ನಿಸಿತು.

ಮಣ್ಣಿನ ಕೆಳಗೆ ಕಟಕ್ ಎಂದಿತು. ಅವನ ನಾಲಿಗೆ ಬಿಟ್ಟುಕೊಂಡಿತು. ತುಕ್ಕಿನ ರುಚಿ ಹೋಯಿತು. ಬಾಯೊಳಗಿನ ಗಾಯ ಉರಿಯತೊಡಗಿತು.

ಮಹಾಲಕ್ಷ್ಮಿ ಬಾಡಿಗೆಯವರಿಗೆಂದು ಬೇರೆ ಇಟ್ಟಿದ್ದ ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಎಣಗಾಯಿ, ಚೊಂಬಿನಲ್ಲಿ ನೀರು ತಂದು ಹೊಸ್ತಿಲ ಈಚೆಗೆ ಇಟ್ಟಳು. "ತೊಗೋರಿ," ಎಂದಳು. ಪರಗಂಡಸಿನ ಮುಖ ನೋಡದ ಹೆಂಗಸಿನ ಹಾಗೆ ಅವಳ ಕಣ್ಣು ನೆಲದ ಮೇಲಿತ್ತು. ಅವನು ನೀರು ಕುಡಿದ. ರೊಟ್ಟಿ ಮುರಿದ. ರುಚಿ ಇತ್ತು, ಜೋಳದ ಸಿಹಿ, ಗುರೆಳ್ಳಿನ ಕಹಿ.

ಮೈಲಾರವ್ವ ಒಳಗೆ ಹೋಗಲು ತಿರುಗಿದವಳು ನಿಂತಳು. ಏನೋ ನೆನಪಿಗೆ ಬಂದು ಹಿಂದೆ ಸರಿದಂತೆ ಅವನನ್ನೇ ನೋಡಿದಳು.

"ಮಾಸ್ತರ, ನನಗ ಏನರ ಹೇಳೂದೈತೇನ್ರಿ?"

ಅವನೀಗ ಮನೆಯ ಗಂಡಸಲ್ಲ; ಬಾಯಿಗೆ ಬೀಗವಿರಲಿಲ್ಲ. ಆಕೆ ಕಾಯುತ್ತಿದ್ದಳು.

"ರೊಟ್ಟಿ ಚೊಲೊ ಆಗ್ಯಾವ್ರಿ," ಎಂದ ಭೀಮೇಶ.

ಗುರುಪಾದ ಬಂದ ದಿನ ತಾನು ಹೊಸ್ತಿಲ ಮೇಲೆ ನಿಂತು ಏನೂ ಹೇಳಿರಲಿಲ್ಲ ಎಂಬುದನ್ನು ಅವನು ಆಗಲೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.